ಎಂಟಡಿಯ ಶೋಕೇಸು ಮತ್ತು ತ್ರಾಸಿಯ ಹುಟ್ಟು

ಕಳೆದ ವಾರ ಬ್ರಹ್ಮಾವರದಲ್ಲಿ ಕುಂದಾಪುರದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಬೆನ್ನ ಹಿಂದೆ ಹೊಸದೊಂದು ಮೊಬೈಲ್ ಅಂಗಡಿಗೆ ಗಾಜು ಕೂರಿಸುತ್ತಿದ್ದರು. ಗಾಜಿನ ಸಂದಿಗೆ ತುಂಬುವ ಗಮ್ಮಿಗೆ ಒಂದು ಹುಳಿ ವಾಸನೆ ಇದೆ. ವಿನೆಗರ್ ಬಾಟಲಿ ಮಗುಚಿದ ಹಾಗೆ ಮೂಗಿಗೆ ಹೊಡೆಯುತ್ತದೆ, ಒಣಗಿದ ಮೇಲೆ ಏನೂ ಇರುವುದಿಲ್ಲ. ಆ ವಾಸನೆಯ ನಡುವೆಯೇ ಬುತ್ತಿ ಬಿಚ್ಚಿ ಉಂಡು ಆಯುಷ್ಯ ಕಳೆದವನು ನಾನು. ಆಗೆಲ್ಲ ಅದು ಗೊತ್ತೇ ಆಗುತ್ತಿರಲಿಲ್ಲ. ಈಗ ಮೂಗಿಗೆ ಬಿದ್ದರೆ ಸಾಕು, ಒಂದೇ ಒಂದು ಮಳೆಗಾಲ ಎದುರಿಗೆ ಬಂದು ನಿಲ್ಲುತ್ತದೆ. ಬಂದ ಬಸ್ಸು ಬಿಟ್ಟೆ, ಅದರ ಹಿಂದಿನದನ್ನೂ ಬಿಟ್ಟೆ. ಆ ಮಳೆಗಾಲದ ವಿಷಯ ಬಾಯಲ್ಲಿ ಹೇಳಬೇಕಾದವರಿಗೆಲ್ಲ ಹೇಳಿ ಆಗಿದೆ. ಬರೆದಿಟ್ಟಿರಲಿಲ್ಲ.

ಮೊದಲು ಒಂದು ಮಾತು. ಕೆಲಸ ನನಗೆ ಬರುತ್ತಿತ್ತು. ತಪ್ಪು ಒಪ್ಪಿಕೊಳ್ಳಲು ಕೂತವನು ಹೆಮ್ಮೆ ಕೊಚ್ಚಬಾರದು ಎಂದು ಗೊತ್ತಿದೆ. ಆದರೆ ಇದನ್ನು ಹೇಳದಿದ್ದರೆ ಆ ತಪ್ಪು ಎಲ್ಲಿಂದ ಬಂತು ಎಂದು ಅರ್ಥವಾಗುವುದಿಲ್ಲ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೆದ್ದಾರಿಯ ಎರಡು ಬದಿಯಲ್ಲೂ ನಾನು ಮಾಡಿದ ಶೋಕೇಸುಗಳಿವೆ. ಚಿನ್ನದ ಅಂಗಡಿಯಲ್ಲಿ, ಬಟ್ಟೆ ಅಂಗಡಿಯಲ್ಲಿ, ಬೇಕರಿಯಲ್ಲಿ, ಮದ್ದಿನ ಅಂಗಡಿಯಲ್ಲಿ. ಹತ್ತನೇ ತರಗತಿ ಪಾಸಾಗಿ ಅಪ್ಪನ ಹತ್ತಿರ ಉಳಿ ಹಿಡಿಯಲು ಕಲಿತೆ. ಅಪ್ಪ ಬಾಗಿಲು, ದಾರಂದ ಮಾಡುತ್ತಿದ್ದರು. ನಾನು ಗಾಜಿನ ಕಡೆ ತಿರುಗಿದೆ. ನಾನು ಕೂರಿಸಿದ ಜಾರುಗಾಜನ್ನು ಕಿರುಬೆರಳಿನಿಂದ ತಳ್ಳಬಹುದಿತ್ತು, ಸದ್ದು ಬರುತ್ತಿರಲಿಲ್ಲ.

ನಮ್ಮ ಕಸುಬಿನಲ್ಲಿ ಮೊದಲು ಗೋಡೆ, ಆಮೇಲೆ ಶೋಕೇಸು, ಸಾಮಾನು ಕೊನೆಗೆ. ಅಂಗಡಿ ತೆರೆಯುವ ಹಿಂದಿನ ದಿನ ಸರಕು ಬರುತ್ತದೆ. ಬಳೆಯಾಗಲಿ ಬಿಸ್ಕತ್ತಾಗಲಿ, ನಾವು ಮಾಡಿಟ್ಟ ಜಾಗದಲ್ಲಿ ಕೂರುತ್ತದೆ. ಪ್ಲೈವುಡ್ ಹಲಗೆ ಎಂಟಡಿ ಉದ್ದ ಇರುತ್ತದೆ. ಅದನ್ನು ಅರ್ಧ ಮಾಡಿ, ಕಾಲು ಮಾಡಿ, ಹೇಗೆ ಕೊಯ್ದರೆ ತುಂಡು ದಂಡವಾಗುವುದಿಲ್ಲ ಎಂಬುದೇ ನಮ್ಮ ವಿದ್ಯೆ. ಇಷ್ಟು ವರ್ಷ ಅದೇ ಮಾಡಿ ಮಾಡಿ, ಲೋಕದಲ್ಲಿ ಎಂಟಡಿಗಿಂತ ಉದ್ದದ ವಸ್ತು ಇಲ್ಲ ಎಂದು ನನ್ನ ಕೈ ನಂಬಿಬಿಟ್ಟಿತ್ತು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ವಾಸಂತಿ ಟೀಚರ್ ಕುಂದಾಪುರದ ನನ್ನ ಅಂಗಡಿಗೆ ಬಂದರು. ಬ್ರಹ್ಮಾವರದ ಒಳಗೊಂದು ಹಳೆಯ ಹೆಂಚಿನ ಕನ್ನಡ ಶಾಲೆ ಮಕ್ಕಳಿಲ್ಲದೆ ಮುಚ್ಚಿತ್ತು. ಅದರ ಕೊನೆಯ ಹೆಡ್ಮಿಸ್ ಅವರೇ. ಕೊಡೆ ಮಡಚಿ ಬಾಗಿಲಿಗೆ ಒರಗಿಸಿ, ಪೀಠಿಕೆ ಇಲ್ಲದೆ ಶುರು ಮಾಡಿದರು.

"ಆಚಾರ್ರೆ, ಶಾಲಿ ಬಾಗ್ಲ್ ಹಾಕಿ ಆಯ್ತ್. ಈಗ ಅಲ್ಲೊಂದ್ ಮ್ಯೂಸಿಯಂ ಮಾಡುವ ಅಂದ್ಕಂಡಿದೆ. ಶೋಕೇಸ್ ನೀವೇ ಮಾಡ್ಕ್."

"ಎಂತ ಇಡ್ತ್ರಿ ಟೀಚರೆ ಅದ್ರೊಳ್ಗೆ? ನಮ್ಮಂಥ ಮುದ್ಕರನ್ನಾ?"

"ನಿಮ್ಮನ್ನ್ ಇಟ್ರೆ ನಿಮ್ಮ ಬಾಯಿಗೆ ಗಾಜ್ ಒಡೀತ್ತ್."

ನನ್ನ ಜತೆ ಕೆಲಸಕ್ಕಿದ್ದ ಸುಧಾಕರ ಹಲಗೆಗೆ ರಂದ ಹೊಡೆಯುವುದನ್ನು ನಿಲ್ಲಿಸಿ ನಕ್ಕ. ಇಪ್ಪತ್ತು ವರ್ಷದಿಂದ ನನ್ನ ಜತೆಗಿದ್ದವ, ಹೆಂಡತಿ ಮಕ್ಕಳಿರುವ ಗೃಹಸ್ಥ, ನನ್ನನ್ನು ಯಾರಾದರೂ ಬಾಯಿ ಮುಚ್ಚಿಸಿದರೆ ಅವನಿಗೆ ಹಬ್ಬ.

ಟೀಚರ್ ಹೊರಡುವಾಗ ಒಂದು ಮಾತು ಹೇಳಿದರು. "ಒಂದ್ಸಲ ಬಂದ್ ಸಾಮಾನ್ ಕಾಣಿ. ಒಂದೊಂದನ್ನೂ ಕೈಯಗೆ ಹಿಡ್ದ್ ಕಾಣಿ. ಅಳತಿ ಮತ್ತೆ."

ನಾನು ಹೋದೆ. ಹೋಗಿ ಗೋಡೆ ನೋಡಿದೆ.

ಸಾಮಾನು ಅಲ್ಲೇ ಇತ್ತು, ಶಾಲೆಯ ಬೆಂಚುಗಳ ಮೇಲೆ ಸಾಲಾಗಿ. ಗದ್ದೆ ಕೆಲಸಕ್ಕೆ ಬೆನ್ನಿಗೆ ಹಾಕಿಕೊಳ್ಳುವ ಎಲೆಯ ಗೊರಬು, ಭತ್ತ ಅಳೆಯುವ ಮರದ ಕೊಳಗ, ಕಡಗೋಲು, ಮೀನಿನ ಬುಟ್ಟಿ, ಹಿತ್ತಾಳೆಯ ತೂಗುದೀಪ. ಒಂದೊಂದರ ಮುಂದೆಯೂ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಮನೆಯವರ ಹೆಸರು. ಯಾವುದೂ ಕೊಂಡದ್ದಲ್ಲ. ಟೀಚರಿಗೆ ಪಾಠ ಕಲಿತವರ ಮನೆ, ಅವರ ನೆಂಟರ ಮನೆ, ಹೀಗೆ ಬಾಯಿಂದ ಬಾಯಿಗೆ ಹೋಗಿ ಬಂದವು. ಯಾರೂ ಕೊಟ್ಟುಬಿಟ್ಟಿರಲಿಲ್ಲ, ಇಟ್ಟುಕೊಳ್ಳಲು ಕೊಟ್ಟಿದ್ದರು. ಆ ವ್ಯತ್ಯಾಸ ನನ್ನ ತಲೆಗೆ ಹೋಗಲಿಲ್ಲ. ನನ್ನ ಕಣ್ಣು ಇದ್ದದ್ದು ಎರಡು ಕಿಟಕಿಗಳ ನಡುವಿನ ಗೋಡೆಯ ಮೇಲೆ. ಟೇಪು ಹಿಡಿದರೆ ಸರಿಯಾಗಿ ಎಂಟಡಿ, ಹೇಳಿ ಮಾಡಿಸಿದ ಹಾಗೆ. ನನಗೆ ಆದ ಖುಷಿ ಇನ್ನೂ ನೆನಪಿದೆ. ನಡುವಿನ ದೊಡ್ಡ ಶೋಕೇಸು ಅಲ್ಲೇ ಎಂದು ತೀರ್ಮಾನಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿಯೇ ಬಂದೆ.

ಆಷಾಢದ ಮಳೆಯಲ್ಲಿ ಮರಗೆಲಸ ಎಂದರೆ ಒಂದು ಹಟ. ಹಲಗೆ ಬೆಳಿಗ್ಗೆ ಸರಿ ಇದ್ದರೆ ಮಧ್ಯಾಹ್ನ ಉಬ್ಬಿರುತ್ತದೆ. ಪಾಲಿಶ್ ಹಚ್ಚಿದರೆ ಗಾಳಿಯ ಒದ್ದೆ ಕುಡಿದು ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ನಾವು ತರಗತಿಯ ಬಾಗಿಲು ಹಾಕಿ, ಒಳಗೆ ಇದ್ದಿಲ ಒಲೆ ಇಟ್ಟು, ಕೋಣೆಯನ್ನು ಬೆಚ್ಚಗೆ ಮಾಡಿ ಪಾಲಿಶ್ ಹೊಡೆದೆವು. ಹೆಂಚಿನ ಮೇಲೆ ಮಳೆ ಸುರಿಯುವಾಗ ಸುಧಾಕರ ಕೂಗಿ ಹೇಳಿದ್ದು ನನಗೆ ಕೇಳುತ್ತಿರಲಿಲ್ಲ, ನಾನು ಕೂಗಿದ್ದು ಅವನಿಗೆ ಕೇಳುತ್ತಿರಲಿಲ್ಲ. ಕೈಸನ್ನೆಯಲ್ಲೇ ಕೆಲಸ ಸಾಗುತ್ತಿತ್ತು. ಕಡಲ ಕಡೆಯ ಗಾಳಿ ಉಪ್ಪು ಗಾಳಿ, ಶೋಕೇಸಿನೊಳಗೆ ಬೂಷ್ಟು ಬರುವುದು ಖಂಡಿತ. ಅದಕ್ಕೆ ನಾನು ಪ್ರತಿ ಶೋಕೇಸಿನ ಅಡಿಯಲ್ಲೂ ಕಾಣದ ಹಾಗೆ ಒಂದು ಖಾನೆ ಮಾಡಿದೆ. ಅದರಲ್ಲಿ ಸುಟ್ಟ ಸುಣ್ಣದ ತಟ್ಟೆ ಇಟ್ಟರೆ ಒದ್ದೆ ಹೀರುತ್ತದೆ, ತಿಂಗಳಿಗೊಮ್ಮೆ ಬದಲಿಸಿದರಾಯಿತು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಬೇಕರಿಯವರ ಬಿಸ್ಕತ್ತು ಮೆತ್ತಗಾಗುವುದನ್ನು ನೋಡಿ ನೋಡಿ ನಾನೇ ಹುಡುಕಿದ್ದು. ಬೆಳಕು ಕಣ್ಣಿಗೆ ಹೊಡೆಯದ ಹಾಗೆ ಅಡಿಯಿಂದ ಬರುವಂತೆ ಕೂರಿಸಿದೆ. ಈಗಲೂ ಹೇಳುತ್ತೇನೆ, ನನ್ನ ಕೈಯಿಂದ ಅದಕ್ಕಿಂತ ಒಳ್ಳೆಯ ಕೆಲಸ ಆಗಿಲ್ಲ.

ನಡುವಿನ ಶೋಕೇಸಿಗೆ ಗಾಜು ಕೂರಿಸಿದ ಮೇಲೆ ಗುಲಾಬಿ ಬಂದಳು. ಗುಲಾಬಿ ತ್ರಾಸಿಯವಳು, ಐವತ್ತು ದಾಟಿದವಳು, ಮೀನು ಮಾರುವವಳು. ಪಿಕಪ್ ಗಾಡಿಯಲ್ಲಿ ಹಳೆಯ ಸೀರೆಯಲ್ಲಿ ಸುತ್ತಿದ ಉದ್ದದ್ದೊಂದನ್ನು ತಂದಿದ್ದಳು. ಇಳಿಸಲು ಹೋದ ನನ್ನನ್ನು ಗದರಿಸಿದಳು.

"ಹ್ವಾಯ್ ಆಚಾರ್ರೆ, ಮೆಲ್ಲ. ಅದ್ ನಿಮ್ಮ ಹಲಗಿ ಅಲ್ಲ."

ಸೀರೆ ಬಿಚ್ಚಿದಳು. ದೋಣಿಯ ಹುಟ್ಟು. ಹಿಂದುಗಡೆ ನಿಂತು ದೋಣಿಯ ದಾರಿ ತಿರುಗಿಸುವ ಚುಕ್ಕಾಣಿ ಹುಟ್ಟು, ಹೆಬ್ಬಲಸಿನ ಮರದ್ದು, ಬಿಸಿಲು ಉಪ್ಪು ತಿಂದು ಬೂದಿ ಬಣ್ಣಕ್ಕೆ ಬಂದಿತ್ತು. ಅವಳ ಅಪ್ಪ ಕೈರಂಪಣಿಯ ತಾಂಡೇಲರು. ದಡದಿಂದ ಹತ್ತಾರು ಜನ ಸೇರಿ ಎಳೆಯುವ ದೊಡ್ಡ ಬಲೆಯ ಕಾಲದಲ್ಲಿ ದೋಣಿಯನ್ನು ನಡೆಸುತ್ತಿದ್ದವರು. ಗುಲಾಬಿ ಹುಟ್ಟಿನ ತುದಿಯನ್ನು ಟೀಚರಿಗೆ ತೋರಿಸಿದಳು. ಹಿಡಿಯುವ ಜಾಗ ಒಂದು ಬದಿಗೆ ತಗ್ಗಾಗಿ, ಕನ್ನಡಿಯ ಹಾಗೆ ನುಣುಪಾಗಿತ್ತು.

"ಅಪ್ಪಯ್ಯಂದ್ ಫೋಟೊ ಅಂದ್ಹೇಳಿ ಒಂದೂ ಇಲ್ಲೆ ಟೀಚರೆ. ಕಾಣ್ಕ್ ಅಂದ್ರೆ ಇದೇ. ಅವ್ರ್ ಕೈ."

ಆಮೇಲೆ ತನ್ನ ಶರತ್ತು ಹೇಳಿದಳು. ಶ್ರಾವಣದ ನೂಲ ಹುಣ್ಣಿಮೆಯ ದಿನ ಕಡಲಿಗೆ ಪೂಜೆಯಾಗುವಾಗ ಅವರ ಮನೆಯ ಕ್ರಮ ಒಂದಿದೆ. ಆ ಹುಟ್ಟಿನ ಹಿಡಿಗೆ ಗಂಧ ಹಚ್ಚಿ, ಇನ್ನೊಂದು ತುದಿಯ ಅಗಲ ಅಲಗನ್ನು ನೀರಿಗೆ ಮುಟ್ಟಿಸಬೇಕು. ದೋಣಿ ಹೋಗಿ ಎಷ್ಟೋ ಕಾಲವಾದರೂ ಅದನ್ನು ಬಿಟ್ಟಿಲ್ಲ.

"ಆ ದಿನ ಇದ್ ತ್ರಾಸಿಗೆ ಬರ್ಕ್. ಸಂಜಿಗೆ ನಾನೇ ವಾಪಸ್ ಕಳ್ಸ್ತೆ."

"ನಾನೇ ತಕಂಡ್ ಬತ್ತೆ ಗುಲಾಬಿ," ಎಂದರು ಟೀಚರ್. "ಹ್ಯಾಂಗ್ ಕೊಟ್ಟಿದ್ಯೋ ಹಾಂಗೆ. ನನ್ನ್ ಮಾತ್."

ನಾನು ಏಣಿಯ ಮೇಲೆ ಬೆಳಕಿನ ವಯರು ಎಳೆಯುತ್ತಿದ್ದೆ. ಮಳೆಗೆ ಕೇಳಿಸಲಿಲ್ಲ ಎಂದು ಬರೆದರೆ ಇವತ್ತು ಯಾರೂ ಅಲ್ಲವೆನ್ನುವುದಿಲ್ಲ. ಆದರೆ ಮಳೆ ಆಗ ಬಿಟ್ಟಿತ್ತು. ಒಂದೊಂದು ಮಾತೂ ಕೇಳಿಸಿತ್ತು.

ಪ್ರಾರಂಭೋತ್ಸವಕ್ಕೆ ಎರಡು ದಿನ ಇರುವಾಗ ಟೀಚರ್ ಜನರನ್ನು ಕರೆಯಲು ಸಿದ್ದಾಪುರದ ಕಡೆ ಹೋಗಿದ್ದರು. ಶಾಲೆಯಲ್ಲಿ ನಾನು ಮತ್ತು ಸುಧಾಕರ ಇಬ್ಬರೇ. ಹುಟ್ಟನ್ನು ಎತ್ತಿ ಶೋಕೇಸಿಗೆ ತಂದೆವು. ಹೋಗಲಿಲ್ಲ. ಒಂದು ಗೇಣು ಹೊರಗೆ ಉಳಿಯಿತು. ಓರೆ ಮಾಡಿ ನೋಡಿದೆವು, ಅಲಗು ಗಾಜಿಗೆ ತಾಗಿತು. ಮಗುಚಿ ನೋಡಿದೆವು. ಅದು ಹೋಗುವುದಿಲ್ಲ ಎಂದು ಮೊದಲ ಸಲವೇ ನನಗೆ ಗೊತ್ತಾಗಿತ್ತು. ಸುಧಾಕರನ ಎದುರು ಏನಾದರೂ ಮಾಡುತ್ತ ಇರಬೇಕಿತ್ತು, ಅಷ್ಟೇ.

"ಗೋಡಿಗೆ ನೇತ್ ಹಾಕುವ ಆಚಾರ್ರೆ. ಎರಡ್ ಕೊಕ್ಕಿ ಹೊಡೆದ್ರ್ ಆಯ್ತ್."

"ನಡು ಶೋಕೇಸ್ ಖಾಲಿ ಇಟ್ಟಾ?"

"ಕೊಳಗ ಇಡುವ."

"ಎಂಟಡಿ ಶೋಕೇಸಿಗೆ ಒಂದ್ ಕೊಳಗ! ನಾಳ್ದಿಗೆ ಬಂದವ್ರ್ ನೆಗಾಡ್ಕಾ?"

ಗೋಡೆಗೆ ನೇತು ಹಾಕಬಹುದಿತ್ತು. ಟೀಚರಿಗೆ ಫೋನು ಮಾಡಿ, ಅಳತೆ ತಪ್ಪಿತು ಎನ್ನಬಹುದಿತ್ತು. ಅವರು ಬೈದು, ಆಮೇಲೆ ನಕ್ಕುಬಿಡುತ್ತಿದ್ದರು. ಆದರೆ ಆ ಎರಡು ಶಬ್ದ ನನ್ನ ಬಾಯಿಂದ ಆವರೆಗೆ ಬಂದಿರಲಿಲ್ಲ. ಎಲ್ಲ ಅಂಗಡಿಯವರ ಎದುರು ನಾನು ಹೇಳಿಕೊಂಡದ್ದೇ ಅದು, ನನ್ನ ಅಳತೆ ತಪ್ಪುವುದಿಲ್ಲ ಎಂದು. ನಾನು ಗರಗಸ ತೆಗೆದೆ.

"ತುದಿ ಹಿಡಿ ಸುಧಾಕರ."

ಅವನು ನನ್ನ ಮುಖ ನೋಡಿದ. "ನೀವ್ ಹೇಳಿದ್ರೆ ನನ್ ಕಾಲ್ ಬೇಕಾರೂ ಹಿಡಿತೆ, ಕೊಯ್ನಿ. ಇದನ್ನ್ ಹಿಡಿತಿಲ್ಲೆ." ಹೇಳಿದವನೇ ಹೊರಗೆ ಹೋಗಿ ಜಗಲಿಯಲ್ಲಿ ಕೂತ.

ಅಲಗಿನ ಕಡೆ ಕೊಯ್ದರೆ ಎಲ್ಲರಿಗೂ ಕಾಣುತ್ತದೆ. ಹಿಡಿಯ ಕಡೆಯಾದರೆ ಮುಚ್ಚಬಹುದು. ಇದು ನನ್ನ ಲೆಕ್ಕ. ಹುಟ್ಟನ್ನು ಬೆಂಚಿನ ಮೇಲಿಟ್ಟು ಎಡಗಾಲಲ್ಲಿ ಮೆಟ್ಟಿಕೊಂಡೆ. ಮೇಲೆ ಬೂದಿ ಬಣ್ಣವಾದರೂ ಒಳಗೆ ಹೆಬ್ಬಲಸು ಹಳದಿಯಾಗಿತ್ತು, ನಿನ್ನೆ ಕೊಯ್ದ ಹಾಗೆ. ಹುಡಿ ಹಾರಲಿಲ್ಲ. ಒದ್ದೆಗೆ ಮುದ್ದೆಯಾಗಿ ಕಾಲ ಬುಡದಲ್ಲಿ ಬಿತ್ತು. ಒಂದು ಗೇಣಿನ ತುಂಡು ಕೈಗೆ ಬಂತು.

ತುದಿಗೆ ಹಿತ್ತಾಳೆಯ ಟೊಪ್ಪಿ ಮಾಡಿದೆ. ಚಿನ್ನದ ಅಂಗಡಿಯ ಬಾಗಿಲ ಹಿಡಿಕೆಗೆ ತಂದಿಟ್ಟ ಹಿತ್ತಾಳೆ ಇತ್ತು. ಅದನ್ನು ಬಡಿದು, ಉಜ್ಜಿ, ಗಮ್ಮು ಹಾಕಿ ಬಿಗಿ ಮಾಡಿದೆ. ಕೊಯ್ದ ತುಂಡನ್ನು ಬಿಸಾಡಲು ಮನಸ್ಸು ಬರಲಿಲ್ಲ. ಪಾಪಪ್ರಜ್ಞೆಯಿಂದಲ್ಲ, ಅಷ್ಟು ಹಣ್ಣಾದ ಮರ ಸಿಗುವುದಿಲ್ಲ ಎಂದು. ಅದನ್ನು ನಡುವೆ ಕೊಯ್ದು ಎರಡು ಗೂಟ ಮಾಡಿ, ತಲೆಯಲ್ಲಿ ಅರ್ಧಚಂದ್ರದ ಹಾಗೆ ತೋಡಿ, ಶೋಕೇಸಿನೊಳಗೆ ನಿಲ್ಲಿಸಿದೆ. ಹುಟ್ಟು ಅದರ ಮೇಲೆ ಮಲಗಿತು. ಒಂದೇ ಮರ, ಒಂದೇ ಬಣ್ಣ. ದೀಪ ಹಾಕಿ ಹಿಂದೆ ಸರಿದು ನೋಡಿದೆ. ನನಗೆ ಚಂದ ಕಂಡಿತು.

ಪ್ರಾರಂಭೋತ್ಸವದ ದಿನ ಬಂದವರೆಲ್ಲ ಆ ಶೋಕೇಸಿನ ಮುಂದೆ ನಿಂತರು. ಹಿತ್ತಾಳೆಯ ಟೊಪ್ಪಿಯನ್ನು ಹೊಗಳದವರಿಲ್ಲ. ಗುಲಾಬಿ ಒಗೆದ ಸೀರೆಯುಟ್ಟು, ಗಂಡನನ್ನು ಕರೆದುಕೊಂಡು ಬಂದಿದ್ದಳು. ಗಾಜಿಗೆ ಮೂಗು ತಾಗಿಸಿ ನೋಡಿದಳು.

"ಹುಟ್ಟಿಗೆ ಎಂತಕ್ಕೆ ಟೊಪ್ಪಿ ಆಚಾರ್ರೆ? ಮದ್ವಿ ಇತ್ತಾ ಅದಕ್ಕೆ?"

"ಒರ್ಲಿ ಹುಳ ಹಿಡೂದ್ ಬ್ಯಾಡ ಅಂದ್ಹೇಳಿ."

"ಇಷ್ಟ್ ವರ್ಷ ಹಿಡೀಲಿಲ್ಲೆ ಮರಾಯ್ರೆ," ಎಂದಳು. ಆದರೆ ಸುತ್ತಲಿನವರು ಮೆಚ್ಚುವುದನ್ನು ಕೇಳಿ ಅವಳ ಮುಖ ಅರಳಿತ್ತು. ಅಪ್ಪನ ಹುಟ್ಟು ಎಂದು ಅಪರಿಚಿತರಿಗೂ ಹೇಳಿದಳು.

ನೂಲ ಹುಣ್ಣಿಮೆ ಬರುತ್ತದೆಂದು ನನಗೆ ಗೊತ್ತಿತ್ತು. ಹುಣ್ಣಿಮೆ ತಪ್ಪಿ ಬೀಳುವುದಿಲ್ಲ. ಆ ದಿನಗಳಲ್ಲಿ ನಾನು ಬೈಂದೂರಿನ ಒಂದು ಬಟ್ಟೆ ಅಂಗಡಿಯ ಕೆಲಸದಲ್ಲಿದ್ದೆ. ದಿನಾ ಬಸ್ಸಿನಲ್ಲಿ ತ್ರಾಸಿ ದಾಟಿಯೇ ಹೋಗಬೇಕು. ಒಂದು ಬದಿಗೆ ಕಡಲು, ರಸ್ತೆಗೆ ತಾಗಿದ ಹಾಗೆ. ಆ ಜಾಗ ಬಂದಾಗ ನಾನು ಇನ್ನೊಂದು ಬದಿಯ ಕಿಟಕಿಯತ್ತ ತಿರುಗುತ್ತಿದ್ದೆ. ಟೊಪ್ಪಿಯ ಮೇಲೆಯೇ ಗಂಧ ಹಚ್ಚುತ್ತಾಳೆ, ಹಚ್ಚಿದರೆ ಮುಗಿಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಹುಣ್ಣಿಮೆಯ ದಿನ ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಟೀಚರ್, ನಾನು, ಸುಧಾಕರ ಹುಟ್ಟನ್ನು ತ್ರಾಸಿಗೆ ತಂದೆವು. ದಡದಲ್ಲಿ ಜನ ಸೇರಿದ್ದರು. ಹಾಲು, ಹೂವು, ತೆಂಗಿನಕಾಯಿ. ಗುಲಾಬಿ ಬ್ರಹ್ಮಾವರದಿಂದ ಬಂದವರು ಎಂದು ನಮ್ಮನ್ನು ಮುಂದೆ ಕರೆದು ನಿಲ್ಲಿಸಿದಳು. ಗಂಧದ ಬಟ್ಟಲು ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಟೊಪ್ಪಿ ತೆಗೀನಿ ಆಚಾರ್ರೆ."

"ಅದ್ ತೆಗೂಕ್ ಆತಿಲ್ಲೆ. ಗಮ್ ಹಾಕಿತ್ತ್. ಮೇಲಿಂದ್ಲೇ ಹಚ್ಚಿ."

"ಗಂಧ ಅಪ್ಪಯ್ಯನ ಕೈಗಾ, ನಿಮ್ಮ್ ಟೊಪ್ಪಿಗಾ?"

ಜನ ನಕ್ಕರು. ದೋಣಿಯವನೊಬ್ಬ ಇಕ್ಕಳ ತಂದು ಎರಡು ಸಲ ತಿರುಚಿದ. ನನ್ನ ಗಮ್ಮು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೂರನೇ ಸಲಕ್ಕೆ ಟೊಪ್ಪಿ ಮರಳಿಗೆ ಬಿತ್ತು.

ಹೆಬ್ಬಲಸಿನ ಹಳದಿ ಬಿಸಿಲಿನಲ್ಲಿ ಹೊಳೆಯಿತು. ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅಲ್ಲಿದ್ದವರೆಲ್ಲ ಮರದ ದೋಣಿ ನೋಡಿದವರು, ಕೊಯ್ದ ತುದಿ ಎಂದರೆ ಏನೆಂದು ಗೊತ್ತಿದ್ದವರು. ಗುಲಾಬಿ ಹೆಬ್ಬೆರಳಿನಿಂದ ಅದನ್ನು ಒಮ್ಮೆ ಉಜ್ಜಿದಳು.

"ಉಳ್ದದ್ದ್ ಎಲ್ಲಿತ್ತ್?"

ಟೀಚರ್ ನನ್ನನ್ನು ನೋಡಿದರು. ಅವರಿಗೆ ಏನೂ ಗೊತ್ತಿರಲಿಲ್ಲ, ಕೇಳುವ ಹಾಗೆ ನೋಡಿದರು ಅಷ್ಟೆ. ನಾನು ಕಡಲು ನೋಡಿದೆ. ಟೀಚರೇ ಮುಂದೆ ಬಂದರು.

"ನಮ್ಮಲ್ಲಿ ಇದ್ದಾಗ ಆದದ್ದ್ ಗುಲಾಬಿ. ಮಾತ್ ಕೊಟ್ಟವಳ್ ನಾನ್. ತಪ್ಪ್ ನಂದೇ."

"ಮ್ಯೂಸಿಯಮ್ಮಿನವ್ರಿಗೆ ಒಲಿಗೆ ಸೌದಿ ಇರ್ಲಿಲ್ಲೆ ಕಾಂತ್," ಎಂದ ಹಿಂದಿನಿಂದ ಒಬ್ಬ. ಈ ಸಲ ಯಾರೂ ನಗಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸು ಮರಳಿನ ಮೇಲೆ ತಲೆ ತಗ್ಗಿಸಿ ನಿಂತಿದ್ದರು. ನನ್ನ ಬಾಯಲ್ಲಿ ನಾಲಿಗೆ ಇತ್ತು. ಹೇಳಲಿಲ್ಲ.

ಗುಲಾಬಿ ಗಂಧದ ಬಟ್ಟಲನ್ನು ಹಾಗೆಯೇ ಕೆಳಗಿಟ್ಟಳು. ಅಲಗನ್ನು ನೀರಿಗೆ ಮುಟ್ಟಿಸಿ, ಹುಟ್ಟನ್ನು ಹೆಗಲಿಗೇರಿಸಿ, ನಮ್ಮ ಕಡೆ ತಿರುಗದೆ ಮನೆಗೆ ನಡೆದಳು.

ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತ್ತು. ಕೊಯ್ಸಿದವರು ಟೀಚರ್ ಎಂದೇ ಜನ ತಿಳಿದರು, ಟೀಚರ್ ನನ್ನನ್ನು ಬರೀ ಟೊಪ್ಪಿ ಕೂರಿಸಿದವನೆಂದು ನಂಬಿದ್ದರು. ಮರುವಾರದಿಂದ ಜನ ಬರತೊಡಗಿದರು, ನೋಡಲು ಅಲ್ಲ. ಸಿದ್ದಾಪುರದವರು ಗೊರಬು ಒಯ್ದರು. ಕೋಟದ ಮನೆಯವರು ದೀಪ ಒಯ್ದರು. ಯಾರೂ ಜಗಳಾಡಲಿಲ್ಲ. "ಮನಿಗ್ ಬೇಕಿತ್ತ್ ಟೀಚರೆ" ಎಂದರು ಅಷ್ಟೇ, ಮಡಿಲ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದರು. ಟೀಚರ್ ದಿನಾ ಬೆಳಿಗ್ಗೆ ಬೀಗ ತೆಗೆದು, ಗುಡಿಸಿ, ದೀಪ ಹಾಕಿ ಕೂರುತ್ತಿದ್ದರು. ನನ್ನ ಬದುಕಿನ ಅತ್ಯುತ್ತಮ ಶೋಕೇಸುಗಳು ಒಳಗೆ ಏನೂ ಇಲ್ಲದೆ ಬೆಳಗುತ್ತಿದ್ದವು. ಸುಧಾಕರ ಕೆಲಸ ಬಿಡಲಿಲ್ಲ. ತಮಾಷೆ ಬಿಟ್ಟ. ಒಂದು ದಿನ ನಾನೇ ಕೇಳಿದೆ, "ಎಂತ ಮರಾಯ, ಬಾಯಿಗೆ ಬೀಗವಾ?" ಎಂದು.

"ನಾ ಯಾರಿಗೂ ಹೇಳ್ತಿಲ್ಲೆ ಆಚಾರ್ರೆ," ಎಂದ. "ಅದ್ ನೀವೇ ಹೇಳ್ಕ್. ಅಲ್ಲಿವರೆಗೆ ನಂಗೆ ನೆಗಿ ಬತ್ತಿಲ್ಲೆ."

ಭಾದ್ರಪದದಲ್ಲಿ ಸುಣ್ಣ ಬದಲಿಸಲು ಶಾಲೆಗೆ ಹೋದೆ. ಟೀಚರ್ ನಡುವಿನ ಶೋಕೇಸು ತೆರೆದು ಧೂಳು ಒರೆಸುತ್ತಿದ್ದರು. ಎರಡು ಗೂಟಗಳನ್ನು ಹೊರಗೆ ತೆಗೆದಿದ್ದರು. ಒಂದನ್ನು ಕೈಯಲ್ಲಿ ಹಿಡಿದು ಬಟ್ಟೆಯಿಂದ ಉಜ್ಜುತ್ತ ನನ್ನ ಕಡೆ ನೋಡಿ ನಕ್ಕರು. ಅಷ್ಟು ದಿನದಲ್ಲಿ ನಾನು ಕಂಡ ಮೊದಲ ನಗು.

"ಏನೇ ಹೇಳಿ ಆಚಾರ್ರೆ, ನಿಮ್ಮ್ ಕೈಕೆಲ್ಸ. ಯಾರೂ ಕಾಣದ್ ಗೂಟಕ್ಕೂ ಎಷ್ಟ್ ನುಣುಪ್ ಮಾಡಿದ್ರಿ!"

ಹೊಗಳಿಕೆಯನ್ನು ನಾನು ಯಾವತ್ತೂ ಬೇಡವೆಂದವನಲ್ಲ. ಅವತ್ತು ಮಾತ್ರ ಹೇಗೆ ತೆಗೆದುಕೊಳ್ಳಲಿ? ಆ ನುಣುಪು ನಾನು ಮಾಡಿದ್ದಲ್ಲ. ಯಾವ ಮರಳುಕಾಗದವೂ ಅದನ್ನು ಮಾಡಲಾರದು. ಒಬ್ಬ ಮನುಷ್ಯನ ಅಂಗೈ ಜೀವಮಾನವಿಡೀ ಉಪ್ಪು ನೀರಿನಲ್ಲಿ ಉಜ್ಜಿ ಮಾಡಿದ್ದು ಅದು.

"ಅದ್ ನಾನ್ ಮಾಡಿದ್ದಲ್ಲ ಟೀಚರೆ," ಎಂದೆ. ಅಲ್ಲಿಂದ ಮುಂದಿನದು ತಾನಾಗಿ ಬಂತು.

ಅವರು ಕ್ಷಮಿಸುತ್ತಾರೆ ಎಂದು ಮನಸ್ಸಿನ ಮೂಲೆಯಲ್ಲಿ ಆಸೆ ಇತ್ತು. ಅವರು ಗೂಟವನ್ನು ಬೆಂಚಿನ ಮೇಲಿಟ್ಟರು. ಮುಖ ಕೆಂಪಾಗಿತ್ತು.

"ನನ್ನ ಪಕ್ಕದಾಗೇ ನಿಂತಿದ್ರಿ. ಅಷ್ಟ್ ಜನರ ಎದ್ರಿಗೆ ನಾ ತಲಿ ತಗ್ಸುವಾಗ ನೀವ್ ಕಡಲ್ ಕಾಣ್ತಿದ್ರಿ!"

"ಹೌದ್ ಟೀಚರೆ."

"ನನ್ ಹತ್ರ ಹೇಳಿ ಎಂತ ಪ್ರಯೋಜನ? ತ್ರಾಸಿಗೆ ಹೋಯ್ನಿ. ಇವತ್ತೇ ಹೋಯ್ನಿ."

ಎರಡು ಗೂಟಗಳನ್ನು ಬಟ್ಟೆಯಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಗುಲಾಬಿ ಆಗಷ್ಟೇ ಮೀನು ಮಾರಿ ಬಂದು ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ನನ್ನನ್ನು ಕಂಡು ಆಶ್ಚರ್ಯಪಟ್ಟರೂ ಜಗಲಿ ತೋರಿಸಿ ಕೂರಲು ಹೇಳಿದಳು. "ಚಾ ಕುಡಿತ್ರಿಯಾ ಆಚಾರ್ರೆ?" ಎಂದು ಕೇಳಿದಳು. ಚಾ ಕುಡಿದ ಮೇಲೆ ಹೇಳಿದರೆ ಅದೂ ಒಂದು ಮೋಸ ಎನಿಸಿತು. ನಿಂತುಕೊಂಡೇ ಹೇಳಿದೆ. ಅಳತೆ ತಪ್ಪಿದ್ದು, ಗರಗಸ, ಟೊಪ್ಪಿ, ಗೂಟ, ಎಲ್ಲ. ಬಟ್ಟೆ ಬಿಚ್ಚಿ ಎರಡು ತುಂಡುಗಳನ್ನು ಜಗಲಿಯ ಮೇಲಿಟ್ಟೆ.

ಅವಳು ಕೈ ಒರೆಸಿಕೊಂಡು ಬಂದು ಕುಕ್ಕರಗಾಲಲ್ಲಿ ಕೂತಳು. ಎರಡನ್ನೂ ಒಂದರ ತುದಿಗೆ ಒಂದು ಇಟ್ಟು ಜೋಡಿಸಿ ನೋಡಿದಳು. ನಾನು ತೋಡಿದ ಕಡೆ ಸೇರಲಿಲ್ಲ. ಸೇರುವುದಿಲ್ಲ. ಮರವನ್ನು ಅಂಟಿಸಬಹುದು, ಗರಗಸ ತಿಂದದ್ದು ಹುಡಿಯಾಗಿ ಹೋಗಿರುತ್ತದೆ. ಸವೆದ ತಗ್ಗಿನ ಮೇಲೆ ಅವಳು ತನ್ನ ಅಂಗೈ ಇಟ್ಟಳು. ಅವಳ ಕೈ ಚಿಕ್ಕದು, ತಗ್ಗು ತುಂಬಲಿಲ್ಲ.

"ಕೊಯ್ದದ್ದ್ ನೀವ್," ಎಂದಳು ತಲೆ ಎತ್ತದೆ. "ಟೀಚರ್ ಎಂತಕ್ಕೆ ನಂದ್ ಅಂದ್ರ್?"

"ನಾ ಸುಮ್ನೆ ಇದ್ದಿದ್ದಕ್ಕೆ."

"ಕೊಯ್ದದ್ದ್ ಮರ ಅಂಬ. ಮರ ಕೊಯ್ಯುದ್ ನಿಮ್ಮ ಕೆಲ್ಸ, ಮಂಡೆ ಕೆಟ್ಟಿತ್ತ್ ಅಂಬ. ಆದ್ರೆ ನಾನ್ ಆ ಹೆಂಗ್ಸಿನ್ ಮುಖ ಕಾಣ್ದೆ ಬಂದೆ ಆಚಾರ್ರೆ. ಎದ್ರಿಗೆ ಸಿಕ್ಕಿರೂ ಮಾತಾಡ್ಲಿಲ್ಲೆ. ನನ್ನ್ ಕೈಯಗೆ ಅದನ್ನ್ ಮಾಡ್ಸಿದ್ರಿ ನೀವ್."



ಅವಳು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಹುಟ್ಟನ್ನು ಎತ್ತಿಕೊಂಡು ಬಂದು ಜಗಲಿಯ ಉದ್ದಕ್ಕೆ ಮಲಗಿಸಿದಳು.

"ಟೇಪ್ ತಂದಿದ್ರಿಯಾ?"

ಟೇಪು ಇಲ್ಲದೆ ನಾನು ಮನೆಯಿಂದ ಹೊರಡುವವನಲ್ಲ. ತೆಗೆದೆ.

"ಅಳೀನಿ. ಈಗ ಸರಿ ಕಂಡ್ ಅಳೀನಿ."

ಅಲಗಿನ ತುದಿಯಿಂದ ಕೊಯ್ದ ತುದಿಯವರೆಗೆ ಟೇಪು ಹಿಡಿದೆ. ಅವಳು ಟೇಪಿನ ತುದಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಎರಡು ತುಂಡುಗಳನ್ನು ಹುಟ್ಟಿನ ತುದಿಗೆ ಇಟ್ಟು, ಅವುಗಳ ಆಚೆಗೆ ಎಳೆದು ಒತ್ತಿ ಹಿಡಿದಳು.

"ಇಲ್ಲಿವರಿಗೆ. ಹೊಸ ಶೋಕೇಸ್ ಮಾಡುದಾರೆ ಇಷ್ಟ್ ಉದ್ದ ಮಾಡ್ಕ್. ಆಗ ಕೊಡ್ತೆ. ನಿಮಗಲ್ಲ, ಟೀಚರಿಗೆ."

ಆಮೇಲೆ ತುಂಡುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ಇದ್ ನಂಗಿರ್ಲಿ. ಗಾಜಿನೊಳ್ಗೆ ಇಡೂಕಲ್ಲ ಇದ್."

ಆ ಅಳತೆಗೆ ಎರಡು ಕಿಟಕಿಗಳ ನಡುವೆ ಜಾಗವಿರಲಿಲ್ಲ. ಹಳೆಯದನ್ನು ಕಳಚಿದೆ. ಹೊಸದನ್ನು ಗೋಡೆ ಬಿಟ್ಟು ಕೋಣೆಯ ನಡುವೆ, ಅದರದೇ ಕಾಲಿನ ಮೇಲೆ ನಿಲ್ಲಿಸಿದೆ. ಪ್ಲೈವುಡ್ ಬಳಸಲಿಲ್ಲ, ಹಲಸಿನ ಹಲಗೆಯನ್ನು ಬೆಸೆದು ಉದ್ದ ಮಾಡಿದೆ. ಗಮ್ಮು ಹಾಕಲಿಲ್ಲ. ಗಾಜಿನ ಮುಚ್ಚಳವನ್ನು ಒಬ್ಬರೇ ಎತ್ತಬಹುದು. ಸುಧಾಕರ ತುದಿ ಹಿಡಿದ. "ಈಗ ಸರಿ ಅಳ್ದಿದ್ರಿಯಾ, ಅಲ್ಲ ಶಾಲಿ ಗೋಡಿ ಒಡೂಕಿತ್ತಾ?" ಎಂದ. ಅವನ ಬಾಯಿ ತಿರುಗಿ ಬಂದದ್ದು ಆಗ. ಬಂದುಹೋಗುವವರೆಲ್ಲರಿಗೂ ಕೊಯ್ದವನು ಯಾರೆಂದು ಹೆಸರು ಹಿಡಿದು ಹೇಳಬೇಕೆಂದು ನಾನೇ ಟೀಚರನ್ನು ಕೇಳಿಕೊಂಡೆ. ಅವರು ಹೇಳುತ್ತಾರೆ, ಒಂದಿಷ್ಟೂ ಮೆತ್ತಗೆ ಮಾಡದೆ. ಬೇರೆಯವರ ಸಾಮಾನು ಒಂದೊಂದಾಗಿ ತಿರುಗಿ ಬಂತು. ಗೊರಬಿನವರು ಮಾತ್ರ ಇವತ್ತಿಗೂ ಬಂದಿಲ್ಲ.

ಗುಲಾಬಿ ಹುಟ್ಟು ತಂದ ದಿನ ಮಳೆಗಾಲದ ಕೊನೆಯ ಮಳೆ ಸುರಿಯುತ್ತಿತ್ತು. ಅವಳು ಮೊದಲು ಟೀಚರ ಹತ್ತಿರ ಹೋಗಿ ಅವರ ಎರಡು ಕೈಯನ್ನೂ ಹಿಡಿದುಕೊಂಡಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ, ಇದು ನಿಜವಾಗಿಯೂ ಮಳೆಯಿಂದ. ಆಮೇಲೆ ಅವಳೇ ಹುಟ್ಟನ್ನು ಎತ್ತಿ ಶೋಕೇಸಿನೊಳಗೆ ಮಲಗಿಸಿದಳು. ಅಲಗು ಒಂದು ತುದಿಗೆ ತಾಗಿತು. ಇನ್ನೊಂದು ತುದಿಯಲ್ಲಿ ಒಂದು ಗೇಣು ಜಾಗ ಉಳಿಯಿತು. ನನ್ನ ಕಣ್ಣಿಗೆ ಅದು ಹಿಡಿಸಲಿಲ್ಲ. ಸಾಮಾನು ಯಾವಾಗಲೂ ನಡುವೆ ಇರಬೇಕು, ಎರಡು ಬದಿಗೂ ಸಮನಾಗಿ ಜಾಗ ಬಿಡಬೇಕು. ಯೋಚಿಸುವ ಮೊದಲೇ ನನ್ನ ಕೈ ಹೋಗಿ ಹುಟ್ಟನ್ನು ನಾಲ್ಕು ಬೆರಳಿನಷ್ಟು ಈಚೆಗೆ ಎಳೆದಿತ್ತು.

ಗುಲಾಬಿ ನನ್ನ ಮಣಿಕಟ್ಟು ಹಿಡಿದಳು. ಬಲವಾಗಿಯೇ ಹಿಡಿದಳು. ಇನ್ನೊಂದು ಕೈಯಿಂದ ಹುಟ್ಟನ್ನು ಮೊದಲಿದ್ದ ಕಡೆಗೆ ತಳ್ಳಿದಳು.

"ಅಲ್ಲ್ ಅಪ್ಪಯ್ಯನ ಕೈ ಇತ್ತ್," ಎಂದಳು. "ಜಾಗ ಬಿಡಿ."

ನಾನು ಕೈ ತೆಗೆದೆ.